'ರೈವಲ್ ಕ್ವೀನ್ಸ್': ಸವತಿಯರೋ, ಎದುರಾಳಿಗಳೋ?

ಪ್ರಶ್ನೆ:
ಅರ್ಜೆಂಟಾಗಿ ಒಂದು ಪದ ಬೇಕು, ಪೋಸ್ಟರ್ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ. ನಥಾನಿಯೆಲ್ ಲೀ ಬರೆದ 'ದಿ ರೈವಲ್ ಕ್ವೀನ್ಸ್' ನಾಟಕದ ಒಂದೆರಡು ದೃಶ್ಯ ಕನ್ನಡದಲ್ಲಿ ಓದಿಸುತ್ತಿದ್ದೇವೆ. 1677ರದು, ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ ಕಾಲದ ದುರಂತ ನಾಟಕ. ಬ್ಯಾಬಿಲೋನ್, ಅಲೆಕ್ಸಾಂಡರನ ಕೊನೆಗಾಲ, ಅವನ ಇಬ್ಬರು ಹೆಂಡಿರು ರೊಕ್ಸಾನಾ ಮತ್ತು ಸ್ಟಟೈರಾ. 'ಪ್ರತಿಸ್ಪರ್ಧಿ ರಾಣಿಯರು' ಅಂದರೆ ಓಟದ ಪಂದ್ಯದ ಹಾಗಿದೆ. 'ಸವತಿ' ನಡೆಯುತ್ತದಾ?

ಉತ್ತರ 1:
ಸವತಿ ಅಂದರೆ ಟಿವಿ ಸೀರಿಯಲ್ ಅಂದುಕೊಳ್ಳುತ್ತಾರೆ. 'ರಾಣಿ'ಯೂ ಬೇಡ, ಅದು ಸಂಸ್ಕೃತದ 'ರಾಜ್ಞೀ' ಸವೆದು ಆದದ್ದು. 'ಎದುರಾಳಿ ಅರಸಿಯರು'. ಮುಗಿಯಿತು.

ಉತ್ತರ 2:
ಮುಗಿಯಲಿಲ್ಲ ಸ್ವಾಮಿ. 'ಅರಸ' ಕೂಡ 'ರಾಜ'ದಿಂದಲೇ ಬಂತು ಅನ್ನುವ ವಿದ್ವಾಂಸರಿದ್ದಾರೆ. ಅದಿರಲಿ, ಎದುರಾಳಿ ಇರುವುದು ಕುಸ್ತಿ ಅಖಾಡದಲ್ಲಿ. ಇಲ್ಲಿ ನೋಡಿ, ಗಂಡ ಕೊಟ್ಟ ಮಾತು ಮುರಿದು ಮತ್ತೆ ರೊಕ್ಸಾನಾಳ ಹತ್ತಿರ ಹೋದ ಅಂತ ಸ್ಟಟೈರಾ ಇನ್ನು ಅವನ ಮುಖ ನೋಡುವುದಿಲ್ಲ ಅಂತ ಆಣೆ ಇಡುತ್ತಾಳೆ, ಆಮೇಲೆ ಕರಗುತ್ತಾಳೆ, ರೊಕ್ಸಾನಾ ಕಠಾರಿ ಹಿಡಿದು ಬಂದು ಇರಿಯುತ್ತಾಳೆ. ಇದು ಸವತಿ ಮತ್ಸರ ಅಲ್ವಾ? ಸಂಸ್ಕೃತದಲ್ಲಿ 'ಸಪತ್ನ' ಅಂದರೆ ವೈರಿ. ಆ ಪದ ಹುಟ್ಟಿದ್ದೇ 'ಸಪತ್ನೀ'ಯಿಂದ. ಸವತಿ ಮೊದಲು, ವೈರಿ ಆಮೇಲೆ! ನಮ್ಮ 'ಸವತಿ'ಯೂ ಅದರದೇ ತದ್ಭವ.

ಉತ್ತರ 3:
ಎಲ್ಲದಕ್ಕೂ ಸಂಸ್ಕೃತದ ಬಾವಿಗೇ ಇಳಿಯಬೇಕಾ? ಕನ್ನಡಕ್ಕೆ ಸ್ವಂತ ಕಾಲಿಲ್ಲವಾ?

ಉತ್ತರ 4:
ಬಾವಿ ಅಂದಿರಿ, ಸರಿಯಾಗೇ ಅಂದಿರಿ. ಹಳೆಯ ಗ್ರೀಕ್ ಲೇಖಕ ಪ್ಲೂಟಾರ್ಕ್ ಪ್ರಕಾರ ಅಲೆಕ್ಸಾಂಡರ್ ಸತ್ತ ಮೇಲೆ ರೊಕ್ಸಾನಾ ಸುಳ್ಳು ಪತ್ರ ಕಳಿಸಿ ಸ್ಟಟೈರಾಳನ್ನು ಕರೆಸಿ ಕೊಲ್ಲಿಸಿದಳು, ಹೆಣ ಬಾವಿಗೆ ಹಾಕಿಸಿ ಮಣ್ಣು ಮುಚ್ಚಿಸಿದಳು. ಲೀ ಈ ಕೊಲೆಯನ್ನು ಗಂಡ ಬದುಕಿರುವಾಗಲೇ ತಂದಿಟ್ಟ. ರಂಗದ ಹಿಂದೆಯೂ ಒಂದು ಕಥೆ ಇದೆ. ರೊಕ್ಸಾನಾ ಆಡುತ್ತಿದ್ದ ಮಿಸೆಸ್ ಬ್ಯಾರಿಗೂ ಸ್ಟಟೈರಾ ಆಡುತ್ತಿದ್ದ ಮಿಸೆಸ್ ಬೌಟೆಲ್‌ಗೂ ಒಂದು ಮುಸುಕಿನ ಬಟ್ಟೆಗಾಗಿ ಜಗಳವಾಯಿತಂತೆ. ಇರಿಯುವ ದೃಶ್ಯ ಬಂದಾಗ ಬ್ಯಾರಿ ಎಷ್ಟು ಜೋರಾಗಿ ತಿವಿದಳು ಅಂದರೆ, ಮೊಂಡು ಕಠಾರಿಯೇ ಕುಪ್ಪಸ ತೂರಿ ಮೈಗೆ ತಾಗಿತಂತೆ. ಆ ನಟಿಯರಿಬ್ಬರು ಸವತಿಯರಲ್ಲ. ಹಾಗಾಗಿ ಸವತಿ ಒಂದೇ ಸಾಲದು, 'ಸವತಿ ರಾಣಿಯರು' ಅನ್ನಿ, ಪಟ್ಟದ ಜಗಳವೂ ಸೇರುತ್ತದೆ.

ಪ್ರಶ್ನೆ ಕೇಳಿದವರು:
'ಸವತಿ ರಾಣಿಯರು' ಅಂತಲೇ ಪೋಸ್ಟರಿಗೆ ಕಳಿಸಿದೆ. ಥ್ಯಾಂಕ್ಸ್.

ಉತ್ತರ 5:
ಪೋಸ್ಟರ್ ಅಲ್ಲ, ಭಿತ್ತಿಪತ್ರ. ಇಷ್ಟಾದರೂ ಕನ್ನಡ ಉಳಿಸಿ.

ಉತ್ತರ 6:
ಭಿತ್ತಿಯೂ ಸಂಸ್ಕೃತ, ಪತ್ರವೂ ಸಂಸ್ಕೃತ.