ಮಲೇರಿಯಾ ಜೋರಾಗುತ್ತಾ ಅಂತ ರಕ್ತ ಪರೀಕ್ಷೆ ಮೊದಲೇ ಹೇಳುತ್ತಾ? ಪೆಥಾಲಜಿ ಡಾಕ್ಟರ್ ಜೊತೆ ಪ್ರಶ್ನೋತ್ತರ

(ಗುಂಪಿನಲ್ಲಿ ಎಲ್ಲರೂ ತಮ್ಮ ಬಡಾವಣೆಯ ಹೆಸರಲ್ಲೇ ಬರೆಯೋದು.)

ವಿಜಯನಗರ: ಮೇಡಂ, ಒಂದು ಹನಿ ರಕ್ತದಿಂದ ಮಲೇರಿಯಾ ಸೀರಿಯಸ್ ಆಗುತ್ತೋ ಇಲ್ವೋ ಅಂತ ಹೇಳೋ ‘ಬಯೋಮಾರ್ಕರ್’ ಬಂದಿದೆ ಅಂತ ಒಂದು ಮೆಸೇಜ್ ಓಡಾಡ್ತಿದೆ. ನಿಜಾನಾ? ನಮ್ಮ ಮನೆಯವರಿಗೆ ವೈವಾಕ್ಸ್ ಅನ್ನೋ ಬಗೆಯ ಮಲೇರಿಯಾ ಬಂದಿದೆ, ಪ್ಲೇಟ್‌ಲೆಟ್ 82 ಸಾವಿರ.

ಡಾಕ್ಟರ್: ಅಂಥದ್ದರ ಮೇಲೆ ಸಂಶೋಧನೆ ನಡೀತಿರೋದು ನಿಜ. ಮೆಸೇಜಲ್ಲಿ ಬರೆದಿರೋ ಹಾಗೆ ಮೂಲೆ ಲ್ಯಾಬಲ್ಲಿ ಸಿಗೋದಿಲ್ಲ. ಪ್ಲೇಟ್‌ಲೆಟ್ ಇಳಿಯೋದು ಮಲೇರಿಯಾದಲ್ಲಿ ತೀರಾ ಸಾಮಾನ್ಯ. ರಕ್ತಸ್ರಾವ ಇಲ್ಲದಿದ್ರೆ ಆ ಒಂದು ಸಂಖ್ಯೆಯಿಂದ ‘ತೀವ್ರ ಮಲೇರಿಯಾ’ ಅಂತ ಹೇಳಲ್ಲ. ಔಷಧಿ ಶುರುವಾದ ಮೇಲೆ ಕೆಲವು ದಿನದಲ್ಲಿ ತಾನಾಗೇ ಏರುತ್ತೆ. ಊಟ ಮಾಡ್ತಿದ್ದಾರಾ, ಸರಿಯಾಗಿ ಮಾತಾಡ್ತಿದ್ದಾರಾ, ಮೂತ್ರ ಹೋಗ್ತಿದೆಯಾ, ಅದನ್ನ ನೋಡಿ.

ಜಯನಗರ: ಪರಂಗಿ ಎಲೆ ರಸ ದಿನಕ್ಕೆ ಎರಡು ಚಮಚ. ಪ್ಲೇಟ್‌ಲೆಟ್ ಎರಡೇ ದಿನದಲ್ಲಿ ಲಕ್ಷ ದಾಟುತ್ತೆ. ಎಲ್ಲರಿಗೂ ಕಳಿಸಿ.

ಡಾಕ್ಟರ್: ದಯವಿಟ್ಟು ಕಳಿಸಬೇಡಿ. ಪರಂಗಿ ರಸದಿಂದ ಮಲೇರಿಯಾ ಪರಾವಲಂಬಿ ಸಾಯಲ್ಲ.

ಯಲಹಂಕ: ಈ ಹೊಸ ಪರೀಕ್ಷೆಗಳಿಗೆ ಖರ್ಚೆಷ್ಟು ಮೇಡಂ?

ಕೆಂಗೇರಿ: ಚಿಕಿತ್ಸೆ ಮುಗಿದು ಹತ್ತು ದಿನ ಆಯ್ತು, ಕಾರ್ಡ್ ಟೆಸ್ಟ್ ಇನ್ನೂ ಫಾಲ್ಸಿಪೇರಮ್ ಪಾಸಿಟಿವ್ ತೋರಿಸ್ತಿದೆ. ಔಷಧಿ ಕೆಲಸ ಮಾಡಿಲ್ವಾ?

ಡಾಕ್ಟರ್: ಕಾರ್ಡ್ ಹಿಡಿಯೋದು ಫಾಲ್ಸಿಪೇರಮ್ ಪರಾವಲಂಬಿ ಬಿಡೋ ಹೆಚ್‌ಆರ್‌ಪಿ-2 ಅನ್ನೋ ಪ್ರೋಟೀನನ್ನ. ಪರಾವಲಂಬಿ ಸತ್ತರೂ ಅದು ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತೆ. ರಕ್ತವನ್ನ ಸೂಕ್ಷ್ಮದರ್ಶಕದಲ್ಲಿ ನೋಡೋ ಸ್ಲೈಡ್ ಪರೀಕ್ಷೆ ಮಾಡಿಸಿ.

ಸರ್ಜಾಪುರ ರಸ್ತೆ: ನಮಸ್ಕಾರ ಮೇಡಂ. ನಾನು ಸೈಟ್ ಸೂಪರ್‌ವೈಸರ್. ನಮ್ಮ ಟೈಲ್ಸ್ ಹುಡುಗ, 24 ವಯಸ್ಸು, ಒಡಿಶಾದ ಮಲ್ಕಾನ್‌ಗಿರಿಯವನು, ಊರಿಂದ ಬಂದು ಹನ್ನೆರಡು ದಿನ. ನಾಲ್ಕು ದಿನದಿಂದ ಜ್ವರ. ನಿನ್ನೆ ಕಾರ್ಡಲ್ಲಿ ಫಾಲ್ಸಿಪೇರಮ್ ಬಂತು. ಸ್ಲೈಡ್ ರಿಪೋರ್ಟಲ್ಲಿ ‘ಕೆಲವೇ ರಿಂಗ್‌ಗಳು’ ಅಂತಿದೆ, ಅದಕ್ಕೆ ಕ್ಲಿನಿಕ್‌ನವರು ಮೈಲ್ಡ್ ಅಂತ ಮಾತ್ರೆ ಕೊಟ್ರು. ಮಾತ್ರೆ ವಾಂತಿ ಮಾಡ್ಕೊಂಡ. ಬೆಳಗ್ಗೆಯಿಂದ ಮಂಪರು, ಕೂಗಿದ್ರೆ ಕಣ್ಣು ಬಿಡ್ತಾನೆ, ಮತ್ತೆ ಮಲಗ್ತಾನೆ. ಮೂತ್ರ ಕಾಫಿ ಡಿಕಾಕ್ಷನ್ ಥರ. ಉಸಿರು ಜೋರು. ಆ ಬಯೋಮಾರ್ಕರ್ ಟೆಸ್ಟ್ ಎಲ್ಲಿ ಮಾಡಿಸ್ಲಿ?

ಡಾಕ್ಟರ್: ಟೆಸ್ಟ್ ಹುಡುಕಬೇಡಿ. 108ಕ್ಕೆ ಫೋನ್ ಮಾಡಿ, ಐಸಿಯು ಇರೋ ಆಸ್ಪತ್ರೆಗೆ ಈಗಲೇ ಕರ್ಕೊಂಡು ಹೋಗಿ. ದಾರೀಲಿ ಓದ್ಕೊಳ್ಳಿ, ಅಲ್ಲಿ ಹೇಳೋಕೆ ಬೇಕಾಗುತ್ತೆ.

‘ಕೆಲವೇ ರಿಂಗ್’ ಅನ್ನೋ ಮಾತು ನನಗೆ ಸಮಾಧಾನ ಕೊಡ್ತಿಲ್ಲ, ಭಯ ಹುಟ್ಟಿಸ್ತಿದೆ. ಫಾಲ್ಸಿಪೇರಮ್ ಕೆಂಪು ರಕ್ತಕಣದೊಳಗೆ ಸುಮಾರು 48 ಗಂಟೆ ಬೆಳೆಯುತ್ತೆ. ಎಳೆಯದಿದ್ದಾಗ (ರಿಂಗ್ ಅಂದ್ರೆ ಇದೇ) ರಕ್ತದ ಜೊತೆ ಓಡಾಡುತ್ತೆ, ಬೆರಳು ಚುಚ್ಚಿದ್ರೆ ಸಿಗುತ್ತೆ. ಬಲಿತ ಮೇಲೆ ಆ ಕಣಗಳು ಮೆದುಳು, ಮೂತ್ರಪಿಂಡದಂಥ ಅಂಗಗಳ ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿಕೊಂಡು ಕೂತುಬಿಡ್ತವೆ. ಸ್ಲೈಡಲ್ಲಿ ನಾವು ಎಣಿಸೋದು ಬೀದೀಲಿ ಓಡಾಡೋರನ್ನ ಮಾತ್ರ. ಮನೆಯೊಳಗೆ ಸೇರ್ಕೊಂಡವರ ಲೆಕ್ಕ ಅದರಲ್ಲಿ ಇರಲ್ಲ. ಮೈಯಲ್ಲಿ ಒಟ್ಟು ಎಷ್ಟಿವೆ ಅಂತ ಅಂದಾಜು ಮಾಡೋಕೆ ಪ್ಲಾಸ್ಮಾದಲ್ಲಿ ಹೆಚ್‌ಆರ್‌ಪಿ-2 ಪ್ರಮಾಣ ಅಳೀತಾರೆ. ರಕ್ತನಾಳದ ಒಳಪದರ ಎಷ್ಟು ಕೆರಳಿದೆ ಅಂತ ತಿಳಿಯೋಕೆ ಆಂಜಿಯೋಪೊಯೆಟಿನ್-2. ಆಫ್ರಿಕಾದ ಮಕ್ಕಳಲ್ಲಿ ಎಸ್‌ಟ್ರೆಮ್-1 ಅನ್ನೋ ಉರಿಯೂತದ ಸೂಚಕಾನೂ ನೋಡಿದ್ದಾರೆ. ವಿಜಯನಗರದವರು ಕೇಳಿದ ಬಯೋಮಾರ್ಕರ್ ಅಂದ್ರೆ ಇಂಥವು. ಇವು ಇನ್ನೂ ಸಂಶೋಧನೆಯ ಪರೀಕ್ಷೆಗಳು, ಈ ಹುಡುಗನಿಗೆ ಇವತ್ತು ಉಪಯೋಗಕ್ಕೆ ಬರಲ್ಲ.

ಇವತ್ತು ಬೇಕಾಗಿರೋದು ಎಲ್ಲಾ ದೊಡ್ಡ ಆಸ್ಪತ್ರೆಯಲ್ಲೂ ಇದೆ. ಮೊದಲು ಸಕ್ಕರೆ, ಹೋದ ತಕ್ಷಣ. 40ಕ್ಕಿಂತ ಕೆಳಗಿಳಿದ್ರೆ ಅದೇ ತೀವ್ರತೆಯ ಲಕ್ಷಣ, ಮಂಪರಿಗೆ ಅದೂ ಕಾರಣ ಇರಬಹುದು. ಆಮೇಲೆ ಲ್ಯಾಕ್ಟೇಟ್. ಅಂಗಗಳಿಗೆ ರಕ್ತ ತಲುಪದೇ ಇದ್ದಾಗ ಅದು ಏರುತ್ತೆ, 5 ಮಿಲಿಮೋಲ್ ಮುಟ್ಟಿದ್ರೆ ಅಪಾಯ. ಉಸಿರು ಜೋರಾಗಿರೋದು ಆಮ್ಲ ಹೆಚ್ಚಾಗಿರೋದಕ್ಕೇ ಇರಬಹುದು. ಮೂತ್ರಪಿಂಡದ ಸ್ಥಿತಿ ಹೇಳೋ ಕ್ರಿಯಾಟಿನಿನ್ 3 ದಾಟಿದೆಯಾ, ಕಾಮಾಲೆ ತೋರಿಸೋ ಬಿಲಿರುಬಿನ್ ಎಷ್ಟು, ಹಿಮೋಗ್ಲೋಬಿನ್ 7ಕ್ಕಿಂತ ಕಮ್ಮಿಯಾ ನೋಡ್ತಾರೆ. ಸ್ಲೈಡನ್ನ ಮತ್ತೆ ಓದಿಸಿ. ಬಲಿತ ಪರಾವಲಂಬಿ ಕಾಣ್ತಿವೆಯಾ, ಬಿಳಿ ರಕ್ತಕಣದೊಳಗೆ ಕಂದು ಬಣ್ಣದ ಪಿಗ್ಮೆಂಟ್ ಇದೆಯಾ ಅಂತ ಕೇಳಿ.

ರಿಪೋರ್ಟ್ ಬರಲಿ ಅಂತ ಔಷಧಿ ನಿಲ್ಲಿಸಿಕೊಂಡು ಕೂರಬಾರದು. ಆರ್ಟೆಸುನೇಟ್ ಇಂಜೆಕ್ಷನ್ ನರಕ್ಕೆ, ಕಿಲೋಗೆ 2.4 ಮಿಲಿಗ್ರಾಂ, ಶುರುವಿಗೆ ಒಂದು, 12 ಗಂಟೆ ಆದ್ಮೇಲೆ ಒಂದು, 24 ಗಂಟೆ ಆದ್ಮೇಲೆ ಒಂದು. 2005ರಲ್ಲಿ ಭಾರತವೂ ಸೇರಿ ಏಷ್ಯಾದ ನಾಲ್ಕು ದೇಶಗಳ 1,461 ತೀವ್ರ ಮಲೇರಿಯಾ ರೋಗಿಗಳ ಅಧ್ಯಯನ ಬಂತು. ಹಳೇ ಔಷಧಿ ಕ್ವಿನೈನ್ ಕೊಟ್ಟವರಲ್ಲಿ ನೂರಕ್ಕೆ 22 ಜನ ತೀರಿಕೊಂಡರು, ಆರ್ಟೆಸುನೇಟ್ ಕೊಟ್ಟವರಲ್ಲಿ 15. ಹೊರಟಿದ್ದೀರಾ?

ಸರ್ಜಾಪುರ ರಸ್ತೆ: ಆಂಬ್ಯುಲೆನ್ಸ್ ಬಂತು ಮೇಡಂ.

ಜಯನಗರ: ಹೊರಗಿನಿಂದ ಬರೋರೇ ಊರಿಗೆ ಕಾಯಿಲೆ ತರೋದು. ಟೆಸ್ಟ್ ಮಾಡದೆ ಒಳಗೇ ಬಿಡಬಾರದು.

ಪೀಣ್ಯ: ಅಂಕಲ್, ನೀವಿರೋ ಮನೆ ಕಟ್ಟಿದ್ದು ಯಾರು? ಆ ಹುಡುಗ ಸಾವು ಬದುಕಿನ ಮಧ್ಯೆ ಇದ್ದಾನೆ.

ಹೆಬ್ಬಾಳ: ನಮ್ಮ ಊರು ಮಂಗಳೂರು. ಅಲ್ಲಿ ಕಟ್ಟಡ ಕೆಲಸ ಜೋರಾದಾಗ ಮಲೇರಿಯಾವೂ ಜೋರಾದದ್ದು ಕಣ್ಣಾರೆ ನೋಡಿದ್ದೇವೆ. ಕ್ಯೂರಿಂಗ್‌ಗೆ ನಿಲ್ಲಿಸಿದ ನೀರು, ಮುಚ್ಚಳ ಇಲ್ಲದ ಸಂಪು. ಸೊಳ್ಳೆ ಹುಟ್ಟುವುದು ಅಲ್ಲಿ ಮಾರಾಯ್ರೆ.

ಜಯನಗರ: ನಮ್ಮ ಸಂಪು ಕ್ಲೀನಾಗೇ ಇದೆ.

ಪೀಣ್ಯ: ಕ್ಲೀನ್ ನೀರಲ್ಲೇ ಆ ಸೊಳ್ಳೆ ಮೊಟ್ಟೆ ಇಡೋದು! ಸೊಳ್ಳೆಯಿಂದ ಮಲೇರಿಯಾ ಹರಡುತ್ತೆ ಅಂತ ತೋರಿಸಿದ ರೊನಾಲ್ಡ್ ರಾಸ್ 1883ರಲ್ಲಿ ಇದೇ ಬೆಂಗಳೂರಲ್ಲಿದ್ದಾಗ ಗಮನಿಸಿದ್ರು, ನಿಂತ ನೀರು ಸಿಗದ ಹಾಗೆ ಮಾಡಿದ್ರೆ ಸೊಳ್ಳೆ ಕಮ್ಮಿಯಾಗುತ್ತೆ ಅಂತ. ಇಷ್ಟು ವರ್ಷ ಆದ್ರೂ ನಾವು ಮುಚ್ಚಳ ಹಾಕಲ್ಲ, ಕೂಲಿಯವರನ್ನ ಬೈತೀವಿ.

ಜಯನಗರ: ವಯಸ್ಸಿಗೆ ಮರ್ಯಾದೆ ಕೊಟ್ಟು ಮಾತಾಡಿ.

ಹೆಬ್ಬಾಳ: ನೀವು ಆ ಹುಡುಗನಿಗೆ ಕೊಟ್ರಾ?

ಯಲಹಂಕ: ಮಕ್ಕಳಿಗೆ ಮಲೇರಿಯಾ ವ್ಯಾಕ್ಸೀನ್ ಬಂದಿದೆಯಂತೆ. ನಮ್ಮಲ್ಲಿ ಹಾಕ್ತಾರಾ? ಖರ್ಚಿನ ಪ್ರಶ್ನೇನೂ ಹಾಗೇ ಇದೆ.

ವಿಜಯನಗರ: ಮೇಡಂ, ಇನ್ನೊಂದು. ಇವರಿಗೆ ವಿಡಾಲ್ ಕೂಡ ಪಾಸಿಟಿವ್ ಬಂದಿದೆ. ಟೈಫಾಯ್ಡೂ ಇದೆಯಾ? ಪ್ಲೇಟ್‌ಲೆಟ್ ಇವತ್ತು 79. ಅಮೃತಬಳ್ಳಿ ಕಷಾಯ ಕೊಡ್ಲಾ?

ಡಾಕ್ಟರ್: ಮಲೇರಿಯಾದಲ್ಲಿ ವಿಡಾಲ್ ಸುಳ್ಳು ಪಾಸಿಟಿವ್ ಬರೋದುಂಟು. ಪ್ಲೇಟ್‌ಲೆಟ್ ಬಗ್ಗೆ ಮೇಲೆ ಹೇಳಿದ್ದೇನೆ. ಕಷಾಯ ಬೇಡ. ಅಮೃತಬಳ್ಳಿಯಿಂದ ಲಿವರ್ ಕೆಟ್ಟ ಕೇಸ್‌ಗಳು 2021ರಲ್ಲಿ ಮುಂಬೈಯಿಂದ ವರದಿಯಾಗಿವೆ. ನಾಳೆ ಬಿಲಿರುಬಿನ್ ಏರಿದ್ರೆ ರೋಗದಿಂದಲೋ ಕಷಾಯದಿಂದಲೋ ಅಂತ ನೋಡ್ತಿರೋ ಡಾಕ್ಟರಿಗೆ ತಿಳಿಯೋದು ಹೇಗೆ? ಜಿ6ಪಿಡಿ ಪರೀಕ್ಷೆ ಮಾಡಿಸಿ, ಪ್ರೈಮಾಕ್ವಿನ್‌ನಿಂದ ರಕ್ತಕಣ ಒಡೆಯೋ ಅಪಾಯ ಇದೆಯಾ ಅಂತ ಅದರಿಂದ ಗೊತ್ತಾಗುತ್ತೆ. ಅದು ಸರಿಯಿದ್ರೆ, ಲಿವರಲ್ಲಿ ಅಡಗಿರೋ ವೈವಾಕ್ಸನ್ನ ಕೊಲ್ಲೋ ಪ್ರೈಮಾಕ್ವಿನ್ 14 ದಿನ ಪೂರ್ತಿ ಕೊಡಿ.

ಕೆಂಗೇರಿ: ಸ್ಲೈಡ್ ನೆಗೆಟಿವ್ ಬಂತು. ಆದ್ರೂ ಕಾರ್ಡ್ ಇನ್ನೊಂದು ಸಲ ಮಾಡಿಸ್ಲಾ?

ಡಾಕ್ಟರ್: ಬೇಡ.

ಜಯನಗರ: ಇಂಗ್ಲಿಷ್ ಔಷಧಿ ಇಲ್ಲದ ಕಾಲದಲ್ಲೂ ಜನ ಬದುಕಿದ್ರು. ಡಾಕ್ಟರುಗಳು ನಮ್ಮ ಹಿರಿಯರ ಜ್ಞಾನಾನ ಒಪ್ಪಲ್ಲ.

ಡಾಕ್ಟರ್: ಆ ಕಾಲದಲ್ಲಿ ಈ ಜ್ವರಕ್ಕೆ ಊರೂರೇ ಖಾಲಿಯಾಗಿವೆ ಸರ್. ಎಲೆ ರಸ ಕುಡಿಸ್ತಾ ಎರಡು ದಿನ ತಡಮಾಡಿ ಕರ್ಕೊಂಡು ಬಂದವರ ಸ್ಲೈಡನ್ನ ನಾನು ಓದಿದ್ದೇನೆ. ಇನ್ನೊಂದು ಸಲ ಕಳಿಸಿದ್ರೆ ಅಡ್ಮಿನ್ ತೆಗೆದುಹಾಕಲಿ.

ಸರ್ಜಾಪುರ ರಸ್ತೆ: ಮೇಡಂ, ಸಕ್ಕರೆ 38 ಇತ್ತು, ಗ್ಲೂಕೋಸ್ ಹಾಕಿದ್ರು. ಲ್ಯಾಕ್ಟೇಟ್ 6.1, ಕ್ರಿಯಾಟಿನಿನ್ 2.6. ಐಸಿಯುಗೆ ಹಾಕಿದ್ದಾರೆ, ಮೊದಲ ಇಂಜೆಕ್ಷನ್ ಆಯ್ತು.

ಡಾಕ್ಟರ್: ಒಳ್ಳೇದಾಯ್ತು ಹೋಗಿದ್ದು. ಕೆಲವು ಗಂಟೆ ಬಿಟ್ಟು ಲ್ಯಾಕ್ಟೇಟ್ ಮತ್ತೆ ನೋಡ್ತಾರೆ. ಇಳೀತಿದೆಯಾ ಅನ್ನೋದು ಮುಖ್ಯ. ಸಕ್ಕರೆ ಮತ್ತೆ ಮತ್ತೆ ನೋಡೋಕೆ ಕೇಳ್ಕೊಳ್ಳಿ.

ಸರ್ಜಾಪುರ ರಸ್ತೆ (ಮರುದಿನ): ಲ್ಯಾಕ್ಟೇಟ್ 2.9 ಮೇಡಂ. ಹೆಸರು ಕೇಳಿದ್ರೆ ಹೇಳಿದ. ಅವರಮ್ಮಂಗೆ ಫೋನ್ ಹಚ್ಚಿ ಕೊಟ್ಟೆ.

ಡಾಕ್ಟರ್: ನಿಮ್ಮ ಮೆಸೇಜಿಗೇ ಕಾಯ್ತಿದ್ದೆ. ಡಿಸ್ಚಾರ್ಜ್ ಆದ್ಮೇಲೂ ನಾಲ್ಕು ವಾರ, ವಾರಕ್ಕೊಂದು ಸಲ ಹಿಮೋಗ್ಲೋಬಿನ್ ಮಾಡಿಸಿ. ಆರ್ಟೆಸುನೇಟ್ ಆದ್ಮೇಲೆ ಕೆಲವರಿಗೆ ತಡವಾಗಿ ರಕ್ತಕಣ ಒಡೆಯುತ್ತೆ. ಶೆಡ್‌ನಲ್ಲಿರೋ ಬೇರೆಯವರಿಗೆ ಜ್ವರ ಇದೆಯಾ?

ಸರ್ಜಾಪುರ ರಸ್ತೆ: ಇಬ್ಬರಿಗೆ ಮೈ ಬಿಸಿ ಇದೆ. ಅದೇ ಊರಿನವರು. ಇವತ್ತೇ ಪಿಹೆಚ್‌ಸಿಗೆ ಕರ್ಕೊಂಡು ಹೋಗ್ತೀನಿ.

ವಿಜಯನಗರ: ಆ ಹುಡುಗನ ಪ್ಲೇಟ್‌ಲೆಟ್ ಎಷ್ಟಿತ್ತು?

ಯಲಹಂಕ: ಖರ್ಚಿನ ಬಗ್ಗೆ ಯಾರೂ ಹೇಳ್ಲೇ ಇಲ್ಲ.