ಒಂದೇ ತೊಟ್ಟಿಯ ಗಪ್ಪಿ ಮೀನುಗಳಲ್ಲಿ ಧೈರ್ಯದವು, ಪುಕ್ಕಲು: ಇದು ಸ್ವಭಾವವೇ?

ಪ್ರಶ್ನೆ:
ಒಂದೇ ತಾಯಿಯ ಮರಿಗಳು, ಒಂದೇ ನೀರು, ಒಂದೇ ಮೇವು. ಆದರೂ ಕೆಲವು ಕೈ ಕಂಡ ಕೂಡಲೇ ಮೇಲೆ ಬರುತ್ತವೆ, ಕೆಲವು ದಿನವೂ ಗಿಡದ ಮರೆಯಲ್ಲೇ ಇರುತ್ತವೆ. ಇದು ಸ್ವಭಾವವೋ, ಆ ಹೊತ್ತಿನ ಹಸಿವೋ? ತಿಳಿಯುವುದು ಹೇಗೆ?

ಉತ್ತರ 1:
ಒಂದು ಸಲ ನೋಡಿ ಹೇಳಲಾಗದು. ಬೇರೆ ತೊಟ್ಟಿಯಲ್ಲಿ ಬೆಳಕು ತೂರದ ಸಣ್ಣ ಡಬ್ಬಿ ಇಟ್ಟು, ಮೀನನ್ನು ಅದರೊಳಗೆ 2 ನಿಮಿಷ ಬಿಡಿ. ನಂತರ ಬಾಗಿಲು ತೆಗೆದು, ಇಡೀ ಮೈ ಹೊರಬರಲು ಹಿಡಿದ ಸೆಕೆಂಡುಗಳನ್ನು ಬರೆದುಕೊಳ್ಳಿ. ಮಿತಿ 10 ನಿಮಿಷ. ವಾರಕ್ಕೊಮ್ಮೆಯಂತೆ ಪ್ರತಿ ಮೀನಿಗೂ ಕನಿಷ್ಠ 4 ಸಲ ಮಾಡಿ. ಮೇವು ಹಾಕುವ ಹೊತ್ತು, ನೀರಿನ ಉಷ್ಣತೆ ಒಂದೇ ಇರಲಿ. ಒಂದೆರಡು ಡಿಗ್ರಿ ಏರಿದರೂ ಮೀನಿನ ಚಟುವಟಿಕೆ ಬದಲಾಗುತ್ತದೆ.

ಹೆಚ್ಚಿನವರು ಎಡವುವುದು ಬಲೆ ಹಾಕುವಾಗಲೇ. ಮೊದಲು ಸಿಗುವವು ಸಾಮಾನ್ಯವಾಗಿ ಧೈರ್ಯದವು. ಹತ್ತು ಮೀನು ಸಿಕ್ಕವೆಂದು ನಿಲ್ಲಿಸಿದರೆ ಪುಕ್ಕಲು ಮೀನುಗಳು ಲೆಕ್ಕಕ್ಕೇ ಬರುವುದಿಲ್ಲ. ತೊಟ್ಟಿಯನ್ನೇ ಪೂರ್ತಿ ಖಾಲಿ ಮಾಡಿ, ಚೀಟಿ ಎತ್ತಿ ಸರದಿ ನಿರ್ಧರಿಸಿ. ಗಂಡು, ಹೆಣ್ಣುಗಳ ಲೆಕ್ಕ ಬೇರೆ ಇಡಿ.

ಕೊನೆಗೆ, ಮೀನು-ಮೀನಿನ ನಡುವಿನ ವ್ಯತ್ಯಾಸವು ಒಟ್ಟು ವ್ಯತ್ಯಾಸದಲ್ಲಿ ಎಷ್ಟು ಪಾಲು ಎಂದು ನೋಡಿ. ಹಲವು ಪ್ರಾಣಿಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2009ರ ವಿಶ್ಲೇಷಣೆಯಲ್ಲಿ ಈ ಪಾಲಿನ ಸರಾಸರಿ 0.37. ಅಂದರೆ ಉಳಿದ ಬಹುಪಾಲು ಆ ದಿನದ ಹಸಿವು, ಗಾಬರಿ, ಅಳತೆಯ ತಪ್ಪು. ಸ್ವಭಾವ ಇದೆ, ಆದರೆ ಅದೇ ಎಲ್ಲವೂ ಅಲ್ಲ.

ಉತ್ತರ 2:
ಮೂಲ ಬರೀ ವಂಶವಾಹಿ ಎಂದುಕೊಳ್ಳಬೇಡಿ. ಅಮೆಜಾನ್ ಮೋಲಿ ಮೀನುಗಳೆಲ್ಲ ಹೆಣ್ಣೇ. ಮರಿಗಳು ತಾಯಿಯ ತದ್ರೂಪು. ಬರ್ಲಿನ್‌ನಲ್ಲಿ ಅಂಥ ಮರಿಗಳನ್ನು ಹುಟ್ಟಿದ ಕೂಡಲೇ ಬೇರ್ಪಡಿಸಿ, ಒಂದೇ ಬಗೆಯ ತೊಟ್ಟಿಗಳಲ್ಲಿ ಸಾಕಿದರು. 2017ರಲ್ಲಿ ಪ್ರಕಟವಾದ ಫಲಿತಾಂಶ: ಆದರೂ ಅವು ಒಂದೊಂದೂ ಒಂದೊಂದು ಸ್ವಭಾವದವು. ಭ್ರೂಣದ ಬೆಳವಣಿಗೆಯಲ್ಲಿನ ಆಕಸ್ಮಿಕಗಳು, ಕಣ್ಣಿಗೆ ಬೀಳದ ಸಣ್ಣ ವ್ಯತ್ಯಾಸಗಳು ಕಾರಣವಿರಬಹುದು. ನನಗಂತೂ ಈ ವಿಷಯದಲ್ಲಿ ಅತಿ ಸೋಜಿಗದ ಪ್ರಯೋಗ ಇದೇ.

ಪ್ರಶ್ನೆ ಕೇಳಿದವರು:
ಹಾಗಾದರೆ ಪುಕ್ಕಲು ಮೀನುಗಳು ಕಾಲಕ್ರಮೇಣ ಅಳಿಯಬೇಕಿತ್ತಲ್ಲವೇ?

ಉತ್ತರ 2:
ಇಲ್ಲ, ಎರಡಕ್ಕೂ ಅವುಗಳದೇ ಕಾಲವಿದೆ. ನೆದರ್ಲೆಂಡ್ಸ್‌ನಲ್ಲಿ ಗ್ರೇಟ್ ಟಿಟ್ ಹಕ್ಕಿಯನ್ನು 5 ಕೃತಕ ಮರಗಳಿರುವ ಕೋಣೆಗೆ ಬಿಟ್ಟು, 2 ನಿಮಿಷದಲ್ಲಿ ಎಷ್ಟು ಸಲ ಹಾರಿತು, ಕುಪ್ಪಳಿಸಿತು ಎಂದು ಎಣಿಸುತ್ತಾರೆ. ಕಾಡಿನಲ್ಲಿ ಹೀಗೆ ಹೆಚ್ಚು ಹಾರಾಡಿದ ಚುರುಕು ಹಕ್ಕಿ ಬದುಕುವುದೋ ನಿಧಾನದ್ದೋ ಎಂಬುದು, ಅವು ತಿನ್ನುವ ಬೀಚ್ ಮರದ ಬೀಜದ ಆ ವರ್ಷದ ಫಸಲಿನ ಮೇಲೆ ನಿಂತಿತ್ತು. ಗಂಡಿಗೂ ಹೆಣ್ಣಿಗೂ ಫಲಿತಾಂಶ ತದ್ವಿರುದ್ಧ. ಬೀಜ ಹೇರಳವಾದ ವರ್ಷ ಅದೂ ತಿರುಗುಮುರುಗು.