ಇಳಕಲ್ ಸೀರೆ ಫೋಟೊದಲ್ಲಿ ಹುಂಜ ಬಂದು ನಿಂತಿದೆ. ಇಟ್ಟುಕೊಳ್ಳಲಾ, ಅಳಿಸಲಾ?

ಸೆರಗು_ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ. ಒಂದು ಸೀರೆ ಅಂಗಡಿಗೆ ಮೂರು ವರ್ಷದಿಂದ ಕ್ಯಾಟಲಾಗ್ ಫೋಟೊ ತೆಗೆದುಕೊಡುತ್ತಿದ್ದೇನೆ. ಯಾವಾಗಲೂ ಅಂಗಡಿಯ ಮೇಲಿನ ಮಹಡಿಯಲ್ಲೇ ಕೆಲಸ. ಹಿಂದೆ ಬಿಳಿ ಪರದೆ, ಆ ಕಡೆ ಈ ಕಡೆ ಸಾಫ್ಟ್‌ಬಾಕ್ಸ್. ಈ ಸಲ ಇಳಕಲ್ ಸೀರೆಗಳನ್ನು ಹೊರಗೆ ತೆಗೆಯೋಣ ಅಂತ ನಾನೇ ಹಠ ಹಿಡಿದೆ. ಧಾರವಾಡದ ಹತ್ತಿರ ಒಂದು ಹಳ್ಳಿಗೆ ಹೋದೆವು. ಒಬ್ಬ ಅಜ್ಜಿಯ ಹಳೇ ಮನೆ. ಮಣ್ಣಿನ ಗೋಡೆ, ಕೆತ್ತಿದ ಬಾಗಿಲು, ಮುಂದೆ ಕಟ್ಟೆ. ಬೆಳಿಗ್ಗೆ ಏಳರ ಬೆಳಕು.

ಸೀರೆ ಚಂದ್ರಕಾಳಿ. ಕಪ್ಪು ಮೈ, ಕೆಂಪು ರೇಷ್ಮೆ ಸೆರಗು, ಅದರ ಮೇಲೆ ತೋಪುತೆನಿ ಅನ್ನುವ ಬಿಳಿ ವಿನ್ಯಾಸ. ಮೈಮೇಲೆ ಕೈಯಲ್ಲಿ ಹಾಕಿದ ಕಸೂತಿ. ಗೋಪುರ, ತೇರು, ಆನೆ. ಉಟ್ಟ ಹುಡುಗಿ ಎತ್ತರ, ಕತ್ತು ಉದ್ದ. ಎಡಕ್ಕೆ ಮುಖ ಮಾಡಿ, ಗದ್ದ ಸ್ವಲ್ಪ ಮೇಲೆತ್ತಿ ನಿಂತಳು. ಕಿತ್ತೂರು ರಾಣಿಯ ಗತ್ತು ಬಂದುಬಿಟ್ಟಿತು.

ಹನ್ನೊಂದನೇ ಫ್ರೇಮ್ ಒತ್ತುವ ಹೊತ್ತಿಗೆ ಒಂದು ಹುಂಜ ಕಟ್ಟೆ ಹತ್ತಿತು. ಅವಳಿಂದ ಎರಡೇ ಅಡಿ ದೂರ. ಒಂದು ಕಾಲು ಎತ್ತಿ ನಿಂತಿತು. ಅದೂ ಎಡಕ್ಕೆ ಕತ್ತು ತಿರುಗಿಸಿತು. ಅದೂ ತಲೆ ಮೇಲೆತ್ತಿತು. ಜುಟ್ಟು ಸೆರಗಿನಷ್ಟೇ ಕೆಂಪು. ಬಾಲ ಸೀರೆಯಷ್ಟೇ ಕಪ್ಪು, ತುದಿಯಲ್ಲಿ ಮಾತ್ರ ಹಸಿರು ಮಿಂಚು. ಪಕ್ಕದಲ್ಲಿ ಯಾರಿದ್ದಾರೆ ಅಂತ ಹುಡುಗಿಗೆ ಗೊತ್ತೇ ಇಲ್ಲ. ಮುಂದಿನ ಫ್ರೇಮ್ ಹೊತ್ತಿಗೆ ಹುಂಜ ಕೆಳಗಿಳಿದಿತ್ತು. ಸಿಕ್ಕಿದ್ದು ಅದೊಂದೇ.

ಅಂಗಡಿಯವರು ನೋಡಿ, "ಫೋಟೊ ಚೆಂದ ಬಂದೈತಿ, ಕೋಳಿ ತಗದುಬಿಡ್ರಿ" ಅಂದರು. ಹತ್ತು ನಿಮಿಷದ ಕೆಲಸ. ಅಳಿಸಿಯೂ ನೋಡಿದೆ. ಫೋಟೊದ ಜೀವವೇ ಹೋದ ಹಾಗಾಯಿತು. ಹುಂಜ ಇದ್ದಾಗ ಕಣ್ಣು ಅದರಿಂದ ಸೆರಗಿಗೆ, ಸೆರಗಿನಿಂದ ಅದಕ್ಕೆ ಓಡಾಡುತ್ತಿತ್ತು. ಈಗ ಎಲ್ಲಿಯೂ ನಿಲ್ಲುತ್ತಿಲ್ಲ.

ನನ್ನ ಪ್ರಶ್ನೆ ಇದು. ಸೀರೆ ಫೋಟೊ ನೋಡಿ ನಗು ಬಂದರೆ ಸೀರೆಯ ಮರ್ಯಾದೆ ಕಡಿಮೆ ಆಗುತ್ತಾ? ಇಷ್ಟು ಕಸೂತಿ ಹಾಕಿದವರ ಕೈಕೆಲಸ ಹಿಂದಕ್ಕೆ ಸರಿಯುತ್ತಾ? ದೊಡ್ಡ ದೊಡ್ಡ ಫ್ಯಾಷನ್ ಫೋಟೊಗ್ರಾಫರ್‌ಗಳು ಇಂಥ ಕಡೆ ಏನು ಮಾಡಿದರು? ಗೊತ್ತಿದ್ದವರು ಹೇಳಿ. ನೋಡಬೇಕಾದ ಫೋಟೊ ಇದ್ದರೆ ಅದನ್ನೂ ಹೇಳಿ.

ಫಿಲಂರೋಲ್_ಮೈಸೂರು:

ಅಮ್ಮಾ, ಹುಂಜವನ್ನು ಅಳಿಸಬೇಡಿ. ಮೂಲ ಫೈಲನ್ನು ಮೊದಲು ಎರಡು ಕಡೆ ಕಾಪಿ ಮಾಡಿ ಇಡಿ. ಆಮೇಲೆ ಉಳಿದ ಮಾತು.

ನಾನು 34 ವರ್ಷ ಸ್ಟುಡಿಯೊ ನಡೆಸಿದವನು. ನನ್ನ ಡಾರ್ಕ್‌ರೂಮ್ ಬಾಗಿಲಿಗೆ ಒಂದೇ ಒಂದು ಚಿತ್ರ ಅಂಟಿಸಿದ್ದೆ. ಹಳೇ ಮ್ಯಾಗಜಿನ್‌ನಿಂದ ಕತ್ತರಿಸಿದ್ದು. 1955ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನ ಒಂದು ಸರ್ಕಸ್ ಕಟ್ಟಡದಲ್ಲಿ ಅಮೆರಿಕದ ಫ್ಯಾಷನ್ ಫೋಟೊಗ್ರಾಫರ್ ರಿಚರ್ಡ್ ಅವೆಡನ್ ಹಾರ್ಪರ್ಸ್ ಬಜಾರ್ ಪತ್ರಿಕೆಗೆ ತೆಗೆದ ಫೋಟೊ. ಡೊವಿಮಾ ಎಂಬ ಮಾಡೆಲ್ ಆನೆಗಳ ನಡುವೆ ನಿಂತಿದ್ದಾಳೆ. ಡೊರೊಥಿ, ವರ್ಜೀನಿಯಾ, ಮಾರ್ಗರೆಟ್ ಎಂಬ ತನ್ನ ಮೂರು ಹೆಸರುಗಳ ಮೊದಲ ಎರಡೆರಡು ಇಂಗ್ಲಿಷ್ ಅಕ್ಷರ ಸೇರಿಸಿ ಕಟ್ಟಿದ ಹೆಸರು ಅದು. ಮೈಮೇಲೆ ಡಿಯೊರ್ ಎಂಬ ಫ್ಯಾಷನ್ ಸಂಸ್ಥೆಯ ಕಪ್ಪು ಗೌನು, ಸೊಂಟಕ್ಕೆ ಉದ್ದನೆಯ ಬಿಳಿ ಪಟ್ಟಿ. ಆ ಗೌನಿನ ವಿನ್ಯಾಸ ಮಾಡಿದವನು ಡಿಯೊರ್ ಬಳಿ ಕೆಲಸಕ್ಕಿದ್ದ ಈವ್ ಸಾಂ ಲೊರಾಂ. ಆಗ ಅವನಿಗೆ ಇನ್ನೂ 19.

ಈ ಚಿತ್ರವನ್ನು ಸಾವಕಾಶವಾಗಿ ನೋಡಿ. ಅವಳ ಒಂದು ಕೈ ಆನೆಯ ಸೊಂಡಿಲ ಮೇಲಿದೆ. ಇನ್ನೊಂದು ಕೈಯನ್ನು ಆಚೆ ಚಾಚಿದ್ದಾಳೆ. ಮುಖದಲ್ಲಿ ಎಳ್ಳಷ್ಟೂ ಹೆದರಿಕೆ ಇಲ್ಲ, ನಗುವೂ ಇಲ್ಲ. ಆನೆಯ ಚರ್ಮ ಪೂರಾ ಸುಕ್ಕು. ಗೌನು ಪೂರಾ ನುಣುಪು. ಆ ಸುಕ್ಕು ಪಕ್ಕದಲ್ಲಿ ಇರೋದಕ್ಕೇ ಬಟ್ಟೆಯ ನುಣುಪು ನಮ್ಮ ಬೆರಳಿಗೆ ಸಿಕ್ಕ ಹಾಗಾಗುತ್ತದೆ. ನಾನು ವರ್ಷವರ್ಷವೂ ದಸರಾ ಆನೆಗಳನ್ನು ಹತ್ತಿರದಿಂದ ನೋಡಿಕೊಂಡು ಬೆಳೆದವನು. ಹಾಗಾಗಿ ನನ್ನ ಕಣ್ಣು ಮೊದಲು ಹೋದದ್ದು ಆನೆಯ ಕಾಲಿನ ಸರಪಳಿಗೆ. ಅದನ್ನು ನೋಡಿ ಬೇಜಾರೂ ಆಯಿತು. ಅಷ್ಟು ಭಾರದ ಪ್ರಾಣಿ ಕಾಲೆತ್ತಿ ನಿಂತಿರುವ ಪಕ್ಕದಲ್ಲೇ ಇವಳು ಹೂವಿನ ಹಾಗೆ ನಿಂತಿರೋದು ನೋಡಿ ನಗುವೂ ಬಂತು. ಆ ನಗು ತುಟಿಯವರೆಗೆ ಬಂದು ಅಲ್ಲೇ ನಿಲ್ಲುವಂಥದ್ದು. ನನಗೆ ಬೇಕಾದದ್ದು ಅಂಥದ್ದೇ.

ಇಷ್ಟು ವರ್ಷದಲ್ಲಿ ನನಗೆ ತಿಳಿದದ್ದು ಹೇಳುತ್ತೇನೆ. ಬಟ್ಟೆ ಗಂಭೀರವಾಗಿರಬೇಕು, ಉಟ್ಟವಳೂ ಗಂಭೀರವಾಗಿರಬೇಕು. ದಾರಿ ತಪ್ಪಿ ಬಂದದ್ದು ಒಂದೇ ಒಂದು ಇರಬೇಕು. ನಿಮ್ಮ ಹುಡುಗಿ ಹುಂಜವನ್ನು ನೋಡಿ ನಕ್ಕಿದ್ದರೆ ಅದು ಮನೆಯ ಆಲ್ಬಮ್ ಫೋಟೊ ಆಗುತ್ತಿತ್ತು. ಅವಳು ನೋಡಲಿಲ್ಲ. ಅದಕ್ಕೇ ಈ ಫ್ರೇಮ್ ನಿಂತಿದೆ.

ಇನ್ನೊಂದು ಮಾತು. ಅಷ್ಟು ಹೆಸರು ಮಾಡಿದ ಆ ಚಿತ್ರ ಅವೆಡನ್‌ಗೆ ಕೊನೆಯವರೆಗೂ ಕೊರಗಾಗಿಯೇ ಉಳಿಯಿತು. ಸೊಂಟದ ಬಿಳಿ ಪಟ್ಟಿ ಎಡಕ್ಕೆ ಹಾರಿದ್ದರೆ ರೇಖೆ ಪೂರ್ತಿ ಆಗುತ್ತಿತ್ತು, ಅದೊಂದನ್ನು ತಾನು ಮಾಡಲಿಲ್ಲ ಅಂತ. ಆನೆಗಳನ್ನೇ ತಂದು ನಿಲ್ಲಿಸಿದ ಮನುಷ್ಯನ ಚಿಂತೆ ಬಟ್ಟೆಯ ಒಂದು ತುದಿಯ ಮೇಲಿತ್ತು. ಕೈಕೆಲಸಕ್ಕೆ ಮರ್ಯಾದೆ ಅಂದರೆ ನನ್ನ ಪ್ರಕಾರ ಇದೇ. ನೀವೂ ಒಮ್ಮೆ ಫೋಟೊ ಹಿಗ್ಗಿಸಿ ನೋಡಿ. ಕಪ್ಪು ಸೀರೆ ಬೆಳಕನ್ನೆಲ್ಲ ನುಂಗುತ್ತದೆ. ಕಸೂತಿಯ ಒಂದೊಂದು ಹೊಲಿಗೆಯೂ ಬಿಡಿಬಿಡಿಯಾಗಿ ಕಾಣುತ್ತಿದೆಯಾ? ಕಾಣುತ್ತಿದ್ದರೆ ಹುಂಜ ಧಾರಾಳವಾಗಿ ಇರಲಿ. ಕಪ್ಪು ಮುದ್ದೆ ಆಗಿದ್ದರೆ ಮೊದಲು ಅದನ್ನು ಸರಿ ಮಾಡಿ.

ಫಿಲಿಪ್ ಹಾಲ್ಸ್‌ಮನ್ 1948ರಲ್ಲಿ ತೆಗೆದ ಚಿತ್ರಕಾರ ಸಾಲ್ವಡೊರ್ ಡಾಲಿಯ ಫೋಟೊವನ್ನೂ ನೋಡಿ. ಡಾಲಿ ಗಾಳಿಯಲ್ಲಿ, ಮೂರು ಬೆಕ್ಕು ಗಾಳಿಯಲ್ಲಿ, ನೀರೂ ಗಾಳಿಯಲ್ಲಿ. ಹಾಲ್ಸ್‌ಮನ್ ಹೆಂಡತಿ ಚೌಕಟ್ಟಿನ ಆಚೆ ನಿಂತು ಕುರ್ಚಿಯನ್ನು ಎತ್ತಿ ಹಿಡಿದಿದ್ದರು. ಬೆಕ್ಕುಗಳನ್ನು ಎಸೆಯುವುದು, ಡಾಲಿ ಹಾರುವುದು, ನೆಲ ಒರೆಸುವುದು, ಬೆಕ್ಕು ಹಿಡಿಯುವುದು, ಮತ್ತೆ ಶುರು. ಹೀಗೆ 28 ಸಲ. ನಿಮಗೆ ಒಂದೇ ಸಲಕ್ಕೆ ಸಿಕ್ಕಿದೆ. ದೇವರು ಕೊಟ್ಟದ್ದನ್ನು ಅಳಿಸುತ್ತಾರಾ?

ಮಿಲಾನೊ_ಮಲೆನಾಡು:

ಅಕ್ಕಾ, ನಾನು ತೀರ್ಥಹಳ್ಳಿ ಕಡೆಯವಳು. ಈಗ ಮಿಲಾನ್‌ನಲ್ಲಿ ಪೀಠೋಪಕರಣ ವಿನ್ಯಾಸ ಓದುತ್ತಿದ್ದೇನೆ. ಸರ್ ಹೇಳಿದ "ಒಂದೇ ಒಂದು ದಾರಿ ತಪ್ಪಿ ಬಂದದ್ದು" ಅನ್ನೋ ಮಾತು ಓದಿ ಕುರ್ಚಿ ಬಿಟ್ಟು ಎದ್ದುಬಿಟ್ಟೆ. ನಮ್ಮ ವಿಷಯದಲ್ಲೂ ಅದೇ ನಡೆಯುತ್ತದೆ.

ಇಲ್ಲಿ ಅಕಿಲ್ಲೆ ಕಾಸ್ಟಿಲಿಯೊನಿ ಅಂತ ಒಬ್ಬ ವಿನ್ಯಾಸಕಾರರಿದ್ದರು. ಅವರೂ ಅವರ ಅಣ್ಣನೂ ಸೇರಿ 1957ರಲ್ಲಿ ಒಂದು ಸ್ಟೂಲ್ ಮಾಡಿದರು. ಹೆಸರು ಮೆಜ್ಜಾದ್ರೊ. ಅಂದರೆ ಪಾಲಿಗೆ ಹೊಲ ಮಾಡುವ ರೈತ. ಕೂರುವ ಜಾಗ ಟ್ರ್ಯಾಕ್ಟರ್ ಸೀಟು. ತೂತು ತೂತು ಇರುವ ಅದೇ ಕಬ್ಬಿಣದ ಸೀಟು, ನಮ್ಮ ಅಪ್ಪ ಗದ್ದೆಯಲ್ಲಿ ಕೂರುತ್ತಿದ್ದದ್ದು. ಬಾಗಿಸಿದ ಒಂದೇ ಉಕ್ಕಿನ ಪಟ್ಟಿ, ಕೆಳಗೆ ಅಡ್ಡ ಒಂದು ಮರದ ತುಂಡು. ಮುಗೀತು. ನೋಡಿದ ತಕ್ಷಣ ನಗು. ಕೂತ ತಕ್ಷಣ ನಗು ನಿಂತುಹೋಗುತ್ತದೆ, ಯಾಕಂದರೆ ತುಂಬಾ ಆರಾಮ! ಉಕ್ಕಿನ ಪಟ್ಟಿ ಮೆಲ್ಲಗೆ ಕೆಳಗೆ ಮೇಲೆ ಆಡುತ್ತದೆ. ಟ್ರ್ಯಾಕ್ಟರ್‌ನಲ್ಲಿ ಆ ಪಟ್ಟಿ ಇರೋದೇ ಅದಕ್ಕೆ, ಹೊಲದ ಕುಲುಕಾಟ ಬೆನ್ನಿಗೆ ತಾಗದಿರಲಿ ಅಂತ. ಅಪ್ಪನಿಗೆ ವೀಡಿಯೊ ಕಾಲ್‌ನಲ್ಲಿ ತೋರಿಸಿದೆ. "ಅದಕ್ಕೆ ಗೋಣಿಚೀಲ ಹಾಕ್ಕೊಂಡು ಕೂತ್ಕೋ, ಬೇಸಿಗೇಲಿ ಸುಡತ್ತೆ" ಅಂದರು.

ಅವರದೇ ಇನ್ನೊಂದು ಸ್ಟೂಲ್‌ಗೆ ಸೈಕಲ್ ಸೀಟು. ಫೋನಿನಲ್ಲಿ ಮಾತಾಡುವಾಗ ಮನುಷ್ಯ ಪೂರ್ತಿ ಕೂರೋದೂ ಇಲ್ಲ, ಪೂರ್ತಿ ನಿಲ್ಲೋದೂ ಇಲ್ಲ ಅಲ್ವಾ? ಅದಕ್ಕೆ ಅಂತಲೇ ಮಾಡಿದ್ದು. ಅಡಿ ಅರ್ಧಗೋಳ, ಕೂತವರು ತೂಗಾಡಬಹುದು. ಇಲ್ಲಿ ನಗು ಬರೋದು ಜನರನ್ನು ಚೆನ್ನಾಗಿ ಗಮನಿಸಿದ್ದರಿಂದ.

ಫೋಟೊ ಕೇಳಿದ್ದೀರಲ್ಲ, ಇಟಲಿಯ ಕಲಾವಿದ ಬ್ರುನೊ ಮುನಾರಿ 1944ರಲ್ಲಿ ದೊಮುಸ್ ಅನ್ನೋ ವಿನ್ಯಾಸ ಪತ್ರಿಕೆಗೆ ಮಾಡಿದ ಸಾಲು ಚಿತ್ರಗಳನ್ನು ಹುಡುಕಿ. ಆರಾಮವಿಲ್ಲದ ಕುರ್ಚಿಯಲ್ಲಿ ಆರಾಮ ಹುಡುಕುವ ಮನುಷ್ಯ. ಕುರ್ಚಿಯ ಮೇಲೆ ಅಡ್ಡ ಮಲಗಿ, ಉಲ್ಟಾ ಬಿದ್ದು, ಏನೇನೋ ಮಾಡಿ ಪೇಪರ್ ಓದಲು ನೋಡುತ್ತಾನೆ. ದಿನವಿಡೀ ದುಡಿದು ಬಂದವನಿಗೆ ಕೂರಲು ಸರಿಯಾದ ಜಾಗ ಕೊಡಿ ಅಂತ ಅದರ ವಾದ. ಪುಟಗಟ್ಟಲೆ ಲೇಖನ ಬರೆದಿದ್ದರೂ ನನಗೆ ಇಷ್ಟು ತಟ್ಟುತ್ತಿರಲಿಲ್ಲ.

ನಿಮ್ಮ ಹುಂಜ ಇರಲಿ ಅಂತ ನನ್ನ ಓಟು.

ಜೋಳದರೊಟ್ಟಿ_ಬಾಗಲಕೋಟೆ:

ಎಲ್ಲರೂ ಹುಂಜದ ಪರ. ನಾನೂ ವಿರೋಧ ಅಲ್ಲ. ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಆ ಫ್ರೇಮಿನಲ್ಲಿ ಮನುಷ್ಯರು ಬೇರೆ ಯಾರಾದರೂ ಇದ್ದಾರಾ? ಇದ್ದರೆ ನಗು ಯಾರ ಮೇಲೆ ಬೀಳುತ್ತದೆ?

2008ರ ಆಗಸ್ಟ್‌ನಲ್ಲಿ ವೋಗ್ ಇಂಡಿಯಾ ಫ್ಯಾಷನ್ ಪತ್ರಿಕೆ ಒಂದು ಶೂಟ್ ಹಾಕಿತ್ತು. ಹಳ್ಳಿಯ ಬಡ ಜನರ ಕೈಗೆ ದುಬಾರಿ ಕಂಪನಿಗಳ ಮಾಲು: ಬರ್ಬೆರಿ ಕೊಡೆ, ಹತ್ತು ಸಾವಿರ ಡಾಲರ್‌ಗೂ ಹೆಚ್ಚಿನ ಬಿರ್ಕಿನ್ ಬ್ಯಾಗು. ಮೇಲಿನ ಮುಂದಿನ ಹಲ್ಲುಗಳಿಲ್ಲದ ಒಬ್ಬ ಅಜ್ಜಿಯ ಕಂಕುಳಲ್ಲಿದ್ದ ಕೂಸಿಗೆ ಫೆಂಡಿ ಬಿಬ್, ಅಂದರೆ ಜೊಲ್ಲುಬಟ್ಟೆ. ಬೆಳಕು ಚೆನ್ನಾಗಿತ್ತು, ಬಣ್ಣ ಚೆನ್ನಾಗಿತ್ತು. ಆದರೆ ಕೊಡೆಗೆ ಹೆಸರಿತ್ತು, ಬಿಬ್‌ಗೆ ಹೆಸರಿತ್ತು, ಅಜ್ಜಿಗೆ ಇರಲಿಲ್ಲ. ಅವಳು ಆ ಪುಟದಲ್ಲಿ ಗೂಟದ ಹಾಗೆ ನಿಂತಿದ್ದಳು. ದೇಶದ ಒಳಗೂ ಹೊರಗೂ ಜನ ಬೈದರು. ಬೈದದ್ದು ಸರಿಯೇ. ಅದೂ "ತಮಾಷೆಯಾಗಿ ನೋಡಿ" ಅನ್ನುವ ಧಾಟಿಯದೇ ಶೂಟ್. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ನನ್ನ ಅವ್ವ ಇಂಥದೇ ಮನೆಯಲ್ಲಿ ಬೆಳೆದವಳು.

ಇನ್ನೊಂದು ಸಣ್ಣ ವಿಷಯ ಸೇರಿಸುತ್ತೇನೆ. ತೋಪುತೆನಿ ಅಂತೀರಲ್ಲ, ಆ ತೆನಿ ಜೋಳದ ತೆನೆಯೇ. ಸೆರಗಿನ ಮೇಲೆ ಹಣಿಗೆ (ಬಾಚಣಿಗೆ), ಕೋಟೆ ಗೋಡೆಯ ತುದಿಯ ಹಲ್ಲಿನಂಥ ಸಾಲು, ಜೋಳದ ತೆನೆ, ಹೀಗೆ ನೇಯುತ್ತಾರೆ. ಹುಂಜ ಯಾಕೆ ಬಂತು ಅಂತ ಈಗ ಯೋಚನೆ ಮಾಡಿ!

ಸೆರಗು_ಹುಬ್ಬಳ್ಳಿ:

ಬಾಗಲಕೋಟೆ ಅಣ್ಣಾ, ನಿಮ್ಮ ಪ್ರಶ್ನೆ ಓದಿ ರಾತ್ರಿಯೇ ಮೂಲ ಫೈಲ್ ತೆರೆದೆ. ಕ್ರಾಪ್ ಮಾಡದೇ ಇದ್ದದ್ದು. ಎಡಗಡೆ ಮೂಲೆಯಲ್ಲಿ ಅಜ್ಜಿಯ ಕೈ ಇದೆ. ಮಣಿಕಟ್ಟಿನಲ್ಲಿ ಹಸಿರು ಬಳೆ, ಮುಷ್ಟಿ ಅರ್ಧ ಬಿಚ್ಚಿದೆ, ಎರಡು ಮೂರು ಜೋಳದ ಕಾಳು ಇನ್ನೂ ಗಾಳಿಯಲ್ಲಿವೆ. ಅಂಚಿನಲ್ಲಿ ಕೈ ಬಂದಿದೆ ಅಂತ ಕಂಪ್ಯೂಟರಿಗೆ ಹಾಕಿದ ಕೂಡಲೇ ಕತ್ತರಿಸಿದ್ದೆ. ಹುಂಜ ಎಡಕ್ಕೆ ನೋಡಿದ್ದು ಆ ಕೈಯನ್ನು. ಹುಡುಗಿಯನ್ನೂ ಫೋನ್ ಮಾಡಿ ಕೇಳಿದೆ. "ನೀವು ಎಡಕ್ಕೆ ನೋಡು ಅಂದ್ರಿ, ಅಲ್ಲಿ ಅಜ್ಜಿ ಇದ್ರು, ಅವರನ್ನೇ ನೋಡ್ತಿದ್ದೆ" ಅಂದಳು. ಇಬ್ಬರನ್ನೂ ಒಂದೇ ಕಡೆ ತಿರುಗಿಸಿದ್ದು ಅಜ್ಜಿ.

ಮೈಸೂರಿನ ಸರ್, ನೀವು ಹೇಳಿದ ಹಾಗೆ ಹಿಗ್ಗಿಸಿ ನೋಡಿದೆ. ಸೊಂಟದ ಹತ್ತಿರ ಗೋಪುರಗಳು ಸ್ವಲ್ಪ ಮಂಕಾಗಿದ್ದವು. ನೆರಳನ್ನು ತುಸು ಎತ್ತಿದೆ. ಈಗ ಹೊಲಿಗೆ ಎಣಿಸಬಹುದು.

ಭಾನುವಾರ ಎರಡೂ ಪ್ರಿಂಟ್ ತೆಗೆದುಕೊಂಡು ಅಜ್ಜಿಯ ಮನೆಗೆ ಹೋದೆ. ಒಂದು ಪೂರ್ತಿ ಫ್ರೇಮು, ಇನ್ನೊಂದು ಕತ್ತರಿಸಿದ್ದು. ಕನ್ನಡಕ ಹಾಕಿಕೊಂಡು ಅವರು ಮೊದಲು ನೋಡಿದ್ದು ಕಸೂತಿಯನ್ನು. ತೋರುಬೆರಳನ್ನು ಒಂದೊಂದು ಆನೆಯ ಮೇಲೂ ಇಟ್ಟು, "ಗಂಟು ಕಾಣವಲ್ದು, ಛಲೋ ಹಾಕ್ಯಾರ" ಅಂದರು. ತಾವೂ ಹುಡುಗಿಯಾಗಿದ್ದಾಗ ಹಾಕುತ್ತಿದ್ದರಂತೆ, ಗವಂತಿ ಮತ್ತು ಮುರಗಿ ಹೊಲಿಗೆ. ಆಮೇಲೆ ಹುಂಜ ಕಣ್ಣಿಗೆ ಬಿತ್ತು. ಪ್ರಿಂಟನ್ನು ಮಡಿಲಲ್ಲಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನೋಡವ್ವಾ, ಮದುವಿ ಫೋಟೊ ತಗಿಸಿದಂಗ ನಿಂತಾನ!"

ಫೋಟೊದಲ್ಲಿ ಅವರ ಕೈ ಇರಲಾ, ಅವರ ಹೆಸರು ಹಾಕಲಾ ಅಂತ ಕೇಳಿದೆ. ಎರಡಕ್ಕೂ ಹೂಂ ಅಂದರು. ಕಸೂತಿ ಹಾಕಿದವರ ಹೆಸರನ್ನೂ ಅಂಗಡಿಯಿಂದ ಕೇಳಿ ತರಿಸಿಕೊಳ್ಳುತ್ತಿದ್ದೇನೆ. ಅದೂ ಅಡಿಯಲ್ಲಿ ಬರಬೇಕು.

ಅಂಗಡಿಯವರು ಇನ್ನೂ ಪೂರ್ತಿ ಒಪ್ಪಿಲ್ಲ. ಒಳಪುಟಕ್ಕೆ ಹತ್ತನೇ ಫ್ರೇಮ್ ಕೊಡುತ್ತೇನೆ, ಅದರಲ್ಲಿ ಸೀರೆ ಒಂದೇ ಇದೆ, ಮುಖಪುಟಕ್ಕೆ ಹನ್ನೊಂದನೆಯದು ಹಾಕಿ ಅಂತ ಕೇಳಿದ್ದೇನೆ. ಬುಧವಾರ ಹೇಳುತ್ತಾರಂತೆ.

ಫಿಲಂರೋಲ್_ಮೈಸೂರು:

ಕೈ ಇರುವ ಫ್ರೇಮ್ ಅಂದರೆ ಅಡ್ಡ ಅಳತೆ ಜಾಸ್ತಿ ಆಗುತ್ತದೆ. ಮುಖಪುಟ ಉದ್ದಕ್ಕಿದ್ದರೆ ಕೂರುವುದಿಲ್ಲ. ಮುಂದಿನ ರಟ್ಟಿನಿಂದ ಹಿಂದಿನ ರಟ್ಟಿಗೆ ಸುತ್ತಿ ಬರುವ ಹಾಗೆ ಹಾಕಲು ಹೇಳಿ. ಹುಡುಗಿ, ಹುಂಜ ಮುಂದೆ ಇರಲಿ. ಮಡಿಕೆ ಆಗುವುದು ಬರೀ ಗೋಡೆಯ ಮೇಲೆ. ತಿರುಗಿಸಿದವರಿಗೆ ಹಿಂದೆ ಅಜ್ಜಿಯ ಕೈ ಸಿಗುತ್ತದೆ. ಅಜ್ಜಿಗೆ ಕೊಡುವ ಪ್ರಿಂಟ್ ಮ್ಯಾಟ್ ಕಾಗದದಲ್ಲಿರಲಿ, ಕಪ್ಪು ಹೊಳೆಯಬಾರದು.

ಸೆರಗು_ಹುಬ್ಬಳ್ಳಿ:

ಸುತ್ತಿ ಬರುವ ರಟ್ಟು ನನ್ನ ತಲೆಗೆ ಬಂದೇ ಇರಲಿಲ್ಲ ಸರ್. ಇವತ್ತೇ ಒಂದು ಮಾದರಿ ಮಾಡಿ ತೋರಿಸುತ್ತೇನೆ. ಅಜ್ಜಿಯ ಪ್ರಿಂಟ್ ಮ್ಯಾಟ್‌ನಲ್ಲೇ ಹಾಕಿಸಿದ್ದೇನೆ. ಕತ್ತರಿಸಿದ ಪ್ರಿಂಟಿನಲ್ಲಿ ಹುಂಜದ ಬಾಲದ ತುದಿಯೂ ಹೋಗಿತ್ತು. ಹೊರಡುವಾಗ ಅವರು ಅದನ್ನು ನನ್ನ ಕೈಗೆ ವಾಪಸ್ ಕೊಟ್ಟು, "ಇದು ಬ್ಯಾಡ. ಬಾಲ ಪೂರಾ ಇದ್ದದ್ದು ಕೊಡು" ಅಂದಿದ್ದರು.